ಅಜ್ಜಿಯ ಪಿಂಚಣಿಯಲ್ಲಿ ದಿಲ್ಲಿಯ ಪಾಲು: ಮಂಡ್ಯದ ಒಂದು ಮನೆಯ ಬಜೆಟ್ ಲೆಕ್ಕ

2025ರ ಫೆಬ್ರವರಿ 1, ಶನಿವಾರ. ಮಂಡ್ಯದಿಂದ ಹದಿನೈದು ಕಿಲೋಮೀಟರ್ ದೂರದ ನಮ್ಮೂರಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಜೆರಾಕ್ಸ್, ರೀಚಾರ್ಜ್, ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು. ಜೊತೆಗೆ ಬ್ಯಾಂಕ್ ಮಿತ್ರನ ಕೆಲಸವೂ ಇದೆ. ಅಂದರೆ ಹೆಬ್ಬೆಟ್ಟು ಒತ್ತಿಸಿಕೊಂಡು ಜನರ ಖಾತೆಯಿಂದ ದುಡ್ಡು ತೆಗೆದುಕೊಡುವ ಕೆಲಸ. ಆವತ್ತು ಬೆಳಿಗ್ಗೆ 11ಕ್ಕೇ ಫೋನಿನಲ್ಲಿ ಕೇಂದ್ರ ಬಜೆಟ್ ಹಾಕಿಕೊಂಡು ಕೂತಿದ್ದೆ.

ವರ್ಷಕ್ಕೆ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಎಂದು ನಿರ್ಮಲಾ ಸೀತಾರಾಮನ್ ಹೇಳಿದಾಗ ಅಂಗಡಿಯಲ್ಲಿ ನಾವು ಮೂರು ಜನ ಇದ್ದೆವು. ಲೋಕಸಭೆಯಲ್ಲಿ ಮೇಜು ಕುಟ್ಟುವ ಸದ್ದು. ನಮ್ಮಲ್ಲೊಬ್ಬ ಕೂಡ ನನ್ನ ಜೆರಾಕ್ಸ್ ಮಿಷನ್ನಿನ ಮೇಲೆ ಎರಡು ಸಲ ಕುಟ್ಟಿದ. ಅವನ ವರ್ಷದ ದುಡಿಮೆ 2 ಲಕ್ಷ ದಾಟಿದರೆ ಹೆಚ್ಚು. ಖುಷಿಗೇನು ಕಾಸು ಕೊಡಬೇಕಾ, ಅಲ್ವಾ?

ಅಷ್ಟರಲ್ಲಿ ಕೆಳಗಿನ ಬೀದಿಯ ಅಜ್ಜಿ ಬಂದರು. ಸೊಂಟಕ್ಕೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚಿ ಪಾಸ್‌ಬುಕ್ ಮೇಜಿನ ಮೇಲಿಟ್ಟರು.

"ಈಗ್ಲಾದ್ರೂ ಬಂದದಾ ನೋಡು ಮಗ. ಮೂರ್ ತಿಂಗ್ಳಾಯ್ತು."

ಈ ಬರಹ ಆ ಅಜ್ಜಿಯ ಮನೆಯದು. ಹೆಸರು ಹಾಕುವುದಿಲ್ಲ. ಒಂದು ದೇಶದ ಬಜೆಟ್ ಒಂದು ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಏನಾಗಿರುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದು ಅಲ್ಲೇ. ಟಿವಿಯಲ್ಲಿ ಅರ್ಥಶಾಸ್ತ್ರಜ್ಞರು ಲಕ್ಷ ಕೋಟಿಗಳಲ್ಲಿ ಮಾತಾಡುತ್ತಾರೆ. ನನ್ನ ಹತ್ತಿರ ಇರುವುದು ಹೆಬ್ಬೆಟ್ಟಿನ ಮಿಷನ್ ಒಂದೇ.

ಮೂರು ತಿಂಗಳ ಪಿಂಚಣಿ ಎಲ್ಲಿ ಹೋಯಿತು?

ಅಜ್ಜಿಗೆ ಆಧಾರ್ ಪ್ರಕಾರ 74 ವರ್ಷ. ಹುಟ್ಟಿದ ದಿನ 1951ರ ಜನವರಿ 1. ನಮ್ಮೂರಲ್ಲಿ ಆ ತಲೆಮಾರಿನ ಅರ್ಧ ಜನ ಹುಟ್ಟಿರುವುದು ಜನವರಿ 1ರಂದೇ! ಆಧಾರ್ ಮಾಡಿಸುವಾಗ ವರ್ಷ ಮಾತ್ರ ಗೊತ್ತಿದ್ದವರಿಗೆಲ್ಲ ಕಂಪ್ಯೂಟರ್ ಕೊಟ್ಟ ಹುಟ್ಟುಹಬ್ಬ ಅದು. ಗಂಡ ತೀರಿಕೊಂಡದ್ದು 2013ರಲ್ಲಿ. ಮರುವರ್ಷದಿಂದ ವೃದ್ಧಾಪ್ಯ ವೇತನ ಬರುತ್ತಿದೆ. ಈಗ ತಿಂಗಳಿಗೆ 1,200 ರೂಪಾಯಿ.

ನವೆಂಬರ್‌ನಿಂದ ಬಂದಿರಲಿಲ್ಲ. ಅಜ್ಜಿ ಪ್ರತಿ ಸಲವೂ ಅಂಗಡಿಗೆ ಬರುತ್ತಿದ್ದರು, ಹೆಬ್ಬೆಟ್ಟು ಒತ್ತುತ್ತಿದ್ದರು. ಎಪ್ಪತ್ತು ವರ್ಷ ಕಬ್ಬಿನ ಗರಿ, ಕುಡುಗೋಲು, ಸಗಣಿ ಹಿಡಿದ ಬೆರಳು. ಗೆರೆಗಳೇ ಸವೆದುಹೋಗಿವೆ. ಮಿಷನ್ ಒಂದೇ ಸಲಕ್ಕೆ ಒಪ್ಪುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೆರಗಿಗೆ ಉಜ್ಜಿ, ಬಲಗೈ ಬಿಟ್ಟು ಎಡಗೈ, ಹೆಬ್ಬೆರಳು ಬಿಟ್ಟು ತೋರುಬೆರಳು. ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ಹಸಿರು ದೀಪ ಹತ್ತುತ್ತಿತ್ತು. ಪರದೆ ಮೇಲೆ ಬಾಕಿ 43 ರೂಪಾಯಿ. "ಬಂದಿಲ್ಲ ಅಜ್ಜಿ" ಅನ್ನುತ್ತಿದ್ದೆ. ಅವರು ಹೋಗುತ್ತಿದ್ದರು.

ಮಗ ಎರಡು ಸಲ ನಾಡಕಚೇರಿಗೆ ಹೋಗಿ ಬಂದಿದ್ದ. ಎರಡು ದಿನದ ಕೂಲಿ ಹೋಯಿತು. "ನಮ್ ಕಡೆಯಿಂದ ದುಡ್ಡು ಹೋಗಿದೆ, ಬ್ಯಾಂಕಲ್ಲಿ ಕೇಳಿ" ಅಂದರಂತೆ. ಬ್ಯಾಂಕಿನಲ್ಲಿ "ನಮಗೆ ಬಂದಿಲ್ಲ, ನಾಡಕಚೇರಿಯಲ್ಲಿ ಕೇಳಿ" ಅಂದರಂತೆ. ಆಮೇಲೆ ಗೊತ್ತಾಯಿತು, ಇಬ್ಬರು ಹೇಳಿದ್ದೂ ನಿಜವೇ.

ಆ ಶನಿವಾರ ನನಗೇನೋ ಅನುಮಾನ ಬಂತು. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಎಂಬ ಒಂದು ಕಡೆ ಇದೆ. ನಮ್ಮ ಆಧಾರ್ ಈಗ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಎಂದು ಅದು ತೋರಿಸುತ್ತದೆ. ನೋಡಬೇಕೆಂದರೆ ಒಟಿಪಿ ಬೇಕು. ಅಜ್ಜಿಯ ಆಧಾರ್‌ಗೆ ಕೊಟ್ಟಿದ್ದ ಮೊಬೈಲ್ ನಂಬರ್ ಮೊಮ್ಮಗನದು. ಅವನಿರುವುದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ. ಕೆಲಸದ ಹೊತ್ತಿನಲ್ಲಿ ಫೋನ್ ಲಾಕರ್‌ನಲ್ಲಿ ಇಡಬೇಕು. ಒಟಿಪಿ ಬಾಳುವುದು ಹತ್ತು ನಿಮಿಷ. ರಾತ್ರಿ ಊಟದ ಬಿಡುವಿನಲ್ಲಿ ಅವನು ಫೋನ್ ಮಾಡಿದ. ಅವನು ಆರು ಅಂಕಿ ಓದಿದ, ನಾನು ಒತ್ತಿದೆ.

ಪರದೆ ಮೇಲೆ ಬಂದದ್ದು ಬೇರೆ ಬ್ಯಾಂಕಿನ ಹೆಸರು. ಅಜ್ಜಿಯ ಪಾಸ್‌ಬುಕ್ಕಿನ ಬ್ಯಾಂಕೇ ಅಲ್ಲ.

ಭಾನುವಾರ ಬೆಳಿಗ್ಗೆ ಮಿಷನ್ ಹಿಡಿದುಕೊಂಡು ಅವರ ಮನೆಗೇ ಹೋದೆ. ಜಗಲಿ ಮೇಲೆ ಸೊಸೆ ಅವರೆಕಾಯಿ ಸುಲಿಯುತ್ತಿದ್ದರು. ಬ್ಯಾಂಕಿನ ಹೆಸರು ಹೇಳಿದ ಕೂಡಲೇ ಅವರಿಗೆ ನೆನಪಾಯಿತು.

"ಹೂಂ ಕಣಣ್ಣ. ದಸರಾ ಮುಗುದ್ ಮೇಲೆ ರಾಮಮಂದಿರದ್ ಜಗ್ಲಿ ಮೇಲೆ ಕೂತ್ಕಂಡು ಎಲ್ಲಾರ್‌ದೂ ಬರ್ಕಂಡ್ ಹೋದ್ರಲ್ಲ. ಒಂದ್ ಬ್ಯಾಗೂ ಕೊಟ್ರು. ಅತ್ತೆದೂ ಬೆಳ್ಳು ಒತ್ತುಸ್ಕಂಡ್ರು."

ಬ್ಯಾಗು ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು. ಒಳಗೆ ಈರುಳ್ಳಿ.

ನಡೆದದ್ದು ಇಷ್ಟೇ. ಸರ್ಕಾರದ ದುಡ್ಡು ಈಗ ಖಾತೆ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನಂಬರ್ ನೋಡಿ ಬರುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದ್ದು ಎಂಬ ಪಟ್ಟಿ, ಬ್ಯಾಂಕುಗಳ ನಡುವೆ ಹಣ ಸಾಗಿಸುವ ಎನ್‌ಪಿಸಿಐ ಎಂಬ ಸಂಸ್ಥೆಯ ಹತ್ತಿರ ಇರುತ್ತದೆ. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಹತ್ತು ಖಾತೆ ಇದ್ದರೂ ಕೊನೆಗೆ ಯಾವುದನ್ನು ಜೋಡಿಸಿದರೋ ಅಲ್ಲಿಗೇ ದುಡ್ಡು. ಹೊಸ ಖಾತೆಯ ಅರ್ಜಿಯಲ್ಲಿ ‘ಸರ್ಕಾರದ ಸಹಾಯಧನ ಈ ಖಾತೆಗೇ ಬರಲಿ’ ಎಂಬ ಒಪ್ಪಿಗೆಯ ಜಾಗ ಒಂದಿರುತ್ತದೆ. ಯಾರೋ ಅಲ್ಲಿ ಟಿಕ್ ಹಾಕಿದ್ದಾರೆ. ಅಜ್ಜಿಗೆ ಓದಲು ಬರುವುದಿಲ್ಲ. ಅಲ್ಲಿಗೆ ನಾಡಕಚೇರಿಯಿಂದ ದುಡ್ಡು ಹೋಗಿತ್ತು, ಹಳೇ ಬ್ಯಾಂಕಿಗೆ ಬಂದಿರಲಿಲ್ಲ.

ಇನ್ನೊಂದು ಮಾತು ಹೇಳಿಬಿಡಬೇಕು. ತಪ್ಪು ನನ್ನದೂ ಇದೆ. ನನ್ನ ಮಿಷನ್ನಿನಲ್ಲಿ ಯಾವ ಬ್ಯಾಂಕಿನಿಂದ ಬೇಕಾದರೂ ದುಡ್ಡು ತೆಗೆಯಬಹುದು. ಪರದೆ ಮೇಲೆ ಬ್ಯಾಂಕುಗಳ ಪಟ್ಟಿ ಬರುತ್ತದೆ, ಒಂದನ್ನು ಆರಿಸಬೇಕು. ಮೂರು ತಿಂಗಳೂ ನಾನು ಸುಮ್ನೆ ಪಾಸ್‌ಬುಕ್ಕಿನ ಬ್ಯಾಂಕನ್ನೇ ಒತ್ತುತ್ತಿದ್ದೆ. ಆ ಭಾನುವಾರ ಜಗಲಿ ಮೇಲೆ ಕೂತು ಹೊಸ ಬ್ಯಾಂಕಿನ ಹೆಸರು ಒತ್ತಿದೆ. ಅಜ್ಜಿ ಬೆರಳಿಟ್ಟರು. ಮೂರನೇ ಸಲಕ್ಕೆ ಹಸಿರು.

3,604 ರೂಪಾಯಿ. ಮೂರು ತಿಂಗಳದು 3,600. ನಾಲ್ಕು ರೂಪಾಯಿ ಬಡ್ಡಿ.

"ಬಡ್ಡೀನೂ ಕೊಟ್ಟವ್ರಾ?" ಅಂದರು ಅಜ್ಜಿ. ಅದೊಂದೇ ಅವರಿಗೆ ಆಶ್ಚರ್ಯ ತಂದದ್ದು.

ಇನ್ನೂರು ರೂಪಾಯಿಯ ಕತೆ

ದುಡ್ಡು ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡು ಅಜ್ಜಿ ಕೇಳಿದರು. "ನೆನ್ನೆ ಅದೇನೋ ಬಜೆಟ್ಟು ಅಂತಿದ್ರಲ್ಲ. ನಮ್ಗೇನಾರ ಜಾಸ್ತಿ ಮಾಡವ್ರಾ?"

ಇಲ್ಲ ಅಂದೆ. ಅಷ್ಟು ಹೇಳಿ ಎದ್ದು ಬಂದಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ಎಷ್ಟು ವರ್ಷದಿಂದ ಇಲ್ಲ ಎಂಬ ಪ್ರಶ್ನೆ ತಲೆಗೆ ಹೊಕ್ಕಿತು. ಆ ರಾತ್ರಿ ಕೂತು ಹಳೆಯ ಬಜೆಟ್ ಭಾಷಣಗಳನ್ನು ತೆಗೆದೆ.

ಅಜ್ಜಿಗೆ ಬರುವ 1,200ರಲ್ಲಿ ಕೇಂದ್ರದ ಪಾಲು 200. ಉಳಿದ 1,000 ರಾಜ್ಯದ್ದು. ಹೀಗೆ ಎರಡು ಜೇಬಿನಿಂದ ಬರುತ್ತದೆ ಎಂದು ಪಿಂಚಣಿ ತೆಗೆದುಕೊಳ್ಳುವ ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿಲ್ಲ. ಗೊತ್ತಾಗುವ ಹಾಗೂ ಇಲ್ಲ, ಪಾಸ್‌ಬುಕ್ಕಿನಲ್ಲಿ ಒಂದೇ ಸಾಲು ಬರುತ್ತದೆ.

ಕೇಂದ್ರದ ಈ ಪಿಂಚಣಿ ಶುರುವಾದದ್ದು 1995ರ ಆಗಸ್ಟ್ 15ರಂದು, ನರಸಿಂಹ ರಾವ್ ಕಾಲದಲ್ಲಿ. ಆಗ ತಿಂಗಳಿಗೆ 75 ರೂಪಾಯಿ. 2006-07ರ ಬಜೆಟ್‌ನಲ್ಲಿ ಚಿದಂಬರಂ ಅದನ್ನು 200 ಮಾಡಿದರು. ಮರುವರ್ಷ ಯೋಜನೆಗೆ ಇಂದಿರಾ ಗಾಂಧಿ ಹೆಸರು ಬಂತು. 2011ರ ಬಜೆಟ್‌ನಲ್ಲಿ ಪ್ರಣಬ್ ಮುಖರ್ಜಿ ಎರಡು ಕೆಲಸ ಮಾಡಿದರು. ವಯಸ್ಸಿನ ಮಿತಿಯನ್ನು 65ರಿಂದ 60ಕ್ಕೆ ಇಳಿಸಿದರು, 80 ದಾಟಿದವರಿಗೆ 500 ಮಾಡಿದರು. 2012ರಲ್ಲಿ ವಿಧವೆಯರ ಪಿಂಚಣಿಯಲ್ಲಿ ಕೇಂದ್ರದ ಪಾಲು 200ರಿಂದ 300 ಆಯಿತು. ಆಮೇಲೆ ನಿಂತಿತು. 60ರಿಂದ 79ರವರೆಗಿನವರಿಗೆ 2006ರ ಆ 200 ಇನ್ನೂ ಹಾಗೇ ಇದೆ. ಎರಡು ಪಕ್ಷದ ಸರ್ಕಾರ, ಐದಾರು ಹಣಕಾಸು ಮಂತ್ರಿಗಳು, ಇಪ್ಪತ್ತರ ಹತ್ತಿರ ಬಜೆಟ್‌ಗಳು.

ಅದೇ ಹೊತ್ತಿನಲ್ಲಿ ಬೇರೆ ಯಾವುದು ಏರಿತು ಎಂದು ಪಕ್ಕದಲ್ಲಿ ಬರೆದುಕೊಂಡೆ. 2006ರಲ್ಲಿ ಸಾಮಾನ್ಯ ತೆರಿಗೆದಾರರು ವರ್ಷಕ್ಕೆ 1 ಲಕ್ಷ ದಾಟಿದರೆ ಆದಾಯ ತೆರಿಗೆ ಕಟ್ಟಬೇಕಿತ್ತು. 2019ರಲ್ಲಿ ರಿಯಾಯಿತಿ ಸೇರಿ 5 ಲಕ್ಷದವರೆಗೆ ತೆರಿಗೆ ಇಲ್ಲ ಎಂದಾಯಿತು. 2023ರಲ್ಲಿ ಹೊಸ ಪದ್ಧತಿಯಲ್ಲಿ 7 ಲಕ್ಷ, 2025ರಲ್ಲಿ 12 ಲಕ್ಷ. ತಪ್ಪೇನಿಲ್ಲ, ಬೆಲೆ ಏರಿದ ಹಾಗೆ ಅದೂ ಏರಬೇಕು. ನನ್ನ ತಕರಾರು ಅದಲ್ಲ. ಬೆಲೆ ಏರಿಕೆ ಒಬ್ಬರಿಗೆ ಮಾತ್ರ ಯಾಕೆ ಕಾಣಿಸಿತು ಎಂಬುದು.

ಬೆಲೆಗೆ ತಕ್ಕಂತೆ ಏರಿಸುವುದು ಹೇಗೆ ಎಂದು ಸರ್ಕಾರಕ್ಕೆ ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ. ಕೇಂದ್ರ ನೌಕರರಿಗೂ ಅವರ ಪಿಂಚಣಿದಾರರಿಗೂ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆ ಆಗುತ್ತದೆ. 2025ರ ಜನವರಿಯಿಂದ ಅದು ಶೇ 53ರಿಂದ 55 ಆಯಿತು, ಜುಲೈನಿಂದ 58. ಉದ್ಯೋಗ ಖಾತ್ರಿ ಕೂಲಿ ಕೂಡ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ ನೋಡಿ ಪ್ರತಿ ವರ್ಷ ಬದಲಾಗುತ್ತಿತ್ತು. ನಮ್ಮ ರಾಜ್ಯದಲ್ಲಿ 349 ಇದ್ದದ್ದು 2025ರ ಏಪ್ರಿಲ್‌ನಲ್ಲಿ 370 ಆಯಿತು. ಇನ್ನೂ ಸ್ವಾರಸ್ಯದ್ದು ಒಂದಿದೆ. 2018ರ ಬಜೆಟ್ ಭಾಷಣದಲ್ಲಿ ಅರುಣ್ ಜೇಟ್ಲಿ ಸಂಸದರ ಸಂಬಳವನ್ನು ಹಣದುಬ್ಬರಕ್ಕೆ ತಳುಕು ಹಾಕಿ ಐದು ವರ್ಷಕ್ಕೊಮ್ಮೆ ತಾನಾಗಿ ಏರುವಂತೆ ಮಾಡಿದರು. ಅದರ ಪ್ರಕಾರ 2025ರ ಮಾರ್ಚ್‌ನಲ್ಲಿ ಸಂಸದರ ಸಂಬಳ 1 ಲಕ್ಷದಿಂದ 1.24 ಲಕ್ಷ ಆಯಿತು. ಮಾಜಿ ಸಂಸದರ ಪಿಂಚಣಿ 25,000ದಿಂದ 31,000. ಅಂದರೆ ಏರಿಸುವ ಯಂತ್ರ ಮನೆಯಲ್ಲೇ ಇದೆ. ಅಜ್ಜಿಯ ಪಿಂಚಣಿಗೆ ಅದನ್ನು ಜೋಡಿಸಿಲ್ಲ, ಅಷ್ಟೇ.

ದುಡ್ಡಿಲ್ಲವೇ? ನೋಡೋಣ. 2025-26ರ ಕೇಂದ್ರ ಬಜೆಟ್‌ನ ಒಟ್ಟು ಗಾತ್ರ ಸುಮಾರು 50.65 ಲಕ್ಷ ಕೋಟಿ. ಅದರಲ್ಲಿ ವೃದ್ಧರು, ವಿಧವೆಯರು, ಅಂಗವಿಕಲರು ಎಲ್ಲರ ಪಿಂಚಣಿ ಸೇರಿದ ಸಾಮಾಜಿಕ ನೆರವಿನ ಕಾರ್ಯಕ್ರಮಕ್ಕೆ 9,652 ಕೋಟಿ. ನೂರು ರೂಪಾಯಿಯಲ್ಲಿ ಹತ್ತೊಂಬತ್ತು ಪೈಸೆ. ಹಿಂದಿನ ವರ್ಷವೂ ಅಷ್ಟೇ ಇತ್ತು. 12 ಲಕ್ಷದ ತೆರಿಗೆ ರಿಯಾಯಿತಿಯಿಂದ ಸರ್ಕಾರ ಬಿಟ್ಟುಕೊಟ್ಟದ್ದು ಸುಮಾರು 1 ಲಕ್ಷ ಕೋಟಿ. ಇದನ್ನು ಹಣಕಾಸು ಮಂತ್ರಿಗಳೇ ಭಾಷಣದಲ್ಲಿ ಹೇಳಿದರು. ಈ ವೃದ್ಧಾಪ್ಯ ವೇತನ ಪಡೆಯುವವರು ದೇಶದಲ್ಲಿ ಸುಮಾರು 2.2 ಕೋಟಿ. ಪ್ರತಿಯೊಬ್ಬರಿಗೂ ತಿಂಗಳಿಗೆ ಇನ್ನೂ 200 ಕೊಟ್ಟರೆ ವರ್ಷಕ್ಕೆ 5,300 ಕೋಟಿ ಆಗುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ಮಾಡಿ ನೋಡಿದೆ. ಗ್ರಾಮೀಣಾಭಿವೃದ್ಧಿಯ ಸಂಸದೀಯ ಸ್ಥಾಯಿ ಸಮಿತಿ ಈ ಮೊತ್ತ ಸಾಲದು, ಏರಿಸಿ ಎಂದು ಮತ್ತೆ ಮತ್ತೆ ಬರೆದಿದೆ. ಹಾಗಾಗಿ ದಿಲ್ಲಿಗೆ ಗೊತ್ತಿಲ್ಲದ ವಿಷಯವೂ ಅಲ್ಲ.

ಯಾಕೆ ಏರಿಸುವುದಿಲ್ಲ ಎಂಬುದಕ್ಕೆ ನನ್ನದೊಂದು ಊಹೆ ಇದೆ. ಈ ಇನ್ನೂರಕ್ಕೆ ಯಾರ ಹೆಸರೂ ಇಲ್ಲ. ರಾಜ್ಯದ ದುಡ್ಡಿನ ಜೊತೆ ಬೆರೆತು ಹೋಗುತ್ತದೆ. ನಾನೂರು ಮಾಡಿದರೂ ಅಜ್ಜಿ ‘ಪಿಂಚಣಿ ಜಾಸ್ತಿ ಆಯ್ತು’ ಅನ್ನುತ್ತಾರೆ, ಯಾರು ಮಾಡಿದರು ಅನ್ನುವುದಿಲ್ಲ. ಅದೇ ರೈತರಿಗೆ ಕೇಂದ್ರ ಕೊಡುವ ಪಿಎಂ ಕಿಸಾನ್ ನೋಡಿ. ನಮ್ಮೂರಲ್ಲಿ ಅದಕ್ಕೆ ಮೋದಿ ದುಡ್ಡು ಅಂತಲೇ ಹೆಸರು. ಗೃಹಲಕ್ಷ್ಮಿಗೆ ಸಿದ್ದರಾಮಯ್ಯನ ದುಡ್ಡು. ಹೆಸರಿದ್ದ ದುಡ್ಡಿಗೆ ಮರ್ಯಾದೆ.

ಇನ್ನೊಂದು ಕಾರಣವೂ ಇರಬಹುದು. ಹತ್ತು ಹನ್ನೆರಡು ವರ್ಷದಿಂದ ಕೇಂದ್ರದ ದಾರಿಯೇ ಬದಲಾಗಿದೆ. ಕೊಡುವ ಪಿಂಚಣಿ ಹಿಂದೆ ಸರಿದು, ಕಟ್ಟಿ ಪಡೆಯುವ ಪಿಂಚಣಿ ಮುಂದೆ ಬಂದಿದೆ. 2015ರ ಬಜೆಟ್‌ನ ಅಟಲ್ ಪಿಂಚಣಿ, 2019ರ ಶ್ರಮಯೋಗಿ ಮಾನಧನ್ ಎರಡೂ ಆ ಜಾತಿಯವು. ದುಡಿಯುವ ವಯಸ್ಸಿನಲ್ಲಿ ತಿಂಗಳು ತಿಂಗಳು ಕಟ್ಟಬೇಕು, 60ರ ಮೇಲೆ ಬರುತ್ತದೆ. ಎರಡಕ್ಕೂ ಸೇರಲು 40 ವರ್ಷದೊಳಗಿರಬೇಕು. ಮೊಮ್ಮಗನಿಗೆ ಒಳ್ಳೆಯದೇ. ಅಟಲ್ ಪಿಂಚಣಿ ಬಂದಾಗ ಅಜ್ಜಿಗೆ 64.

ರಾಜ್ಯದ ಪಾಲು ಮಾತ್ರ ಏರುತ್ತಾ ಬಂತು. ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿದ್ದಾಗ 2018ರ ಬಜೆಟ್‌ನಲ್ಲಿ 65 ದಾಟಿದವರ ಪಿಂಚಣಿ 600ರಿಂದ 1,000 ಆಯಿತು. 2021ರಲ್ಲಿ ಬೊಮ್ಮಾಯಿ ಬಂದಾಗ 1,200. ಆ ಕುಮಾರಸ್ವಾಮಿ ಈಗ ನಮ್ಮದೇ ಮಂಡ್ಯದ ಸಂಸದ, ದಿಲ್ಲಿಯಲ್ಲಿ ಮಂತ್ರಿ. ಅವರನ್ನು ಕಂಡರೆ ಈ ಇನ್ನೂರರ ವಿಷಯ ಕೇಳಬೇಕು ಎಂದುಕೊಂಡಿದ್ದೇನೆ. ಪಕ್ಕದ ಆಂಧ್ರದಲ್ಲಿ 2024ರ ಜುಲೈನಿಂದ ವೃದ್ಧರಿಗೆ 4,000 ಕೊಡುತ್ತಿದ್ದಾರೆ. ಅಲ್ಲಿಯೂ ಕೇಂದ್ರ ಕೊಡುವುದು ಇದೇ ಇನ್ನೂರು.

ಮನೆಯ ಉಳಿದ ಲೆಕ್ಕ

ಪೂರ್ತಿ ಚಿತ್ರ ಕೊಡದಿದ್ದರೆ ಕೇಂದ್ರಕ್ಕೆ ಅನ್ಯಾಯ ಮಾಡಿದ ಹಾಗೆ. ಈ ಮನೆಯಲ್ಲಿ ನಾಲ್ಕು ಜನ. ಅಜ್ಜಿ, ಮಗ, ಸೊಸೆ, ಮೊಮ್ಮಗ. 1 ಎಕರೆ 10 ಗುಂಟೆ ಜಮೀನು, ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬು. ಎರಡು ಹಸು.

ಮಗನಿಗೆ ಪಿಎಂ ಕಿಸಾನ್‌ನ ವರ್ಷಕ್ಕೆ 6,000 ಬರುತ್ತದೆ. 2019ರ ಮಧ್ಯಂತರ ಬಜೆಟ್‌ನಲ್ಲಿ ಪೀಯೂಷ್ ಗೋಯಲ್ ಹೇಳಿದ್ದು, 2018ರ ಡಿಸೆಂಬರ್‌ನಿಂದಲೇ ಲೆಕ್ಕ. ಆದರೆ ಇವನಿಗೆ 2,000ದ ಮೊದಲ ಎಂಟು ಕಂತು ಸಿಗಲೇ ಇಲ್ಲ. ಪಹಣಿ ತೀರಿಹೋದ ಅಪ್ಪನ ಹೆಸರಿನಲ್ಲಿತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ, ಆಗಬೇಕಿತ್ತು. ಅದಕ್ಕೆ ಇಬ್ಬರು ಅಕ್ಕಂದಿರ ಒಪ್ಪಿಗೆ ಬೇಕಿತ್ತು, ಒಬ್ಬ ಭಾವನಿಗೆ ಮುನಿಸಿತ್ತು. ಮುನಿಸು ಇಳಿದು ಖಾತೆ ಆಗುವ ಹೊತ್ತಿಗೆ 2021 ಬಂತು. 16,000 ರೂಪಾಯಿ ಹೋದದ್ದು ಒಂದು ಮದುವೆಯಲ್ಲಿ ಸರಿಯಾಗಿ ಕರೆಯದಿದ್ದಕ್ಕೆ! ದಿಲ್ಲಿಯ ತಪ್ಪಲ್ಲ ಇದು. ಆದರೆ ಭೂಮಿಯ ದಾಖಲೆಗೆ ದುಡ್ಡು ಕಟ್ಟಿಹಾಕಿದ ಮೇಲೆ ದಾಖಲೆಯ ಜಗಳವೆಲ್ಲ ದುಡ್ಡಿನ ದಾರಿಗೆ ಬಂದು ನಿಲ್ಲುತ್ತದೆ. ಸ್ವಂತ ಜಮೀನಿಲ್ಲದೆ ಗುತ್ತಿಗೆಗೆ ಉಳುವವರಿಗಂತೂ ಇದು ಇಲ್ಲವೇ ಇಲ್ಲ.

ಈ 6,000 ಕೂಡ 2019ರಿಂದ ಅಷ್ಟೇ ಇದೆ. ನಮ್ಮ ಬೂಕನಕೆರೆಯಲ್ಲಿ ಹುಟ್ಟಿದ ಯಡಿಯೂರಪ್ಪ ಮುಖ್ಯಮಂತ್ರಿ ಆದಾಗ ರಾಜ್ಯದಿಂದ 4,000 ಸೇರಿಸಿ 10,000 ಮಾಡಿದ್ದರು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಆ 4,000 ನಿಂತಿತು. ಮಗನ ಲೆಕ್ಕದಲ್ಲಿ ಅವನ ಮೋದಿ ದುಡ್ಡು ಕಡಿಮೆ ಆಗಿದೆ. ನಿಜಕ್ಕೂ ನಿಂತದ್ದು ರಾಜ್ಯದ್ದು. ಬಿಡಿಸಿ ಹೇಳಿದೆ. ಒಪ್ಪಿದ ಹಾಗೆ ಕಾಣಲಿಲ್ಲ.

ಕಿಸಾನ್ ಕ್ರೆಡಿಟ್ ಕಾರ್ಡಿನ ಬಡ್ಡಿ ರಿಯಾಯಿತಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ಮಾಡುವುದಾಗಿ 2025ರ ಭಾಷಣದಲ್ಲಿ ಹೇಳಿದರು. ಇವನಿಗೆ ಲಾಭವಿಲ್ಲ. ಸೊಸೈಟಿಯವರು ಸಾಲ ಕೊಡುವುದು ಎಕರೆಗೆ ಇಷ್ಟು ಎಂದು ಬೆಳೆ ನೋಡಿ. ಒಂದೂಕಾಲು ಎಕರೆಗೆ ಹಳೆಯ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

ಕಬ್ಬಿನ ದರ ಬಜೆಟ್‌ನಲ್ಲಿ ಬರುವುದೇ ಇಲ್ಲ. ಅದನ್ನು ಕೇಂದ್ರ ಸಂಪುಟ ಬೇರೆಯಾಗಿ ತೀರ್ಮಾನಿಸುತ್ತದೆ. 2024-25ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,400, ಮರುವರ್ಷ 3,550. ಮಂಡ್ಯದಲ್ಲಿ ಬಜೆಟ್ ದಿನ ಪೇಟೆ ಯಾಕೆ ತಣ್ಣಗಿರುತ್ತದೆ ಅಂದರೆ ಇದಕ್ಕೇ. ನಮ್ಮ ಬಜೆಟ್ ಕಾರ್ಖಾನೆಯ ತೂಕದ ಮನೆಯಲ್ಲಿದೆ.

ಕಾಣದ ಸಹಾಯ ಎಂದರೆ ಅಕ್ಕಿ ಮತ್ತು ಯೂರಿಯಾ. ಪಡಿತರದಲ್ಲಿ ಕೇಂದ್ರದ ಪಾಲು ತಲೆಗೆ ತಿಂಗಳಿಗೆ 5 ಕೆಜಿ, 2023ರ ಜನವರಿಯಿಂದ ಪೂರ್ತಿ ಉಚಿತ. ನಾಲ್ಕು ಜನಕ್ಕೆ ವರ್ಷಕ್ಕೆ 240 ಕೆಜಿ. ನಮ್ಮ ಕಡೆ ಒಂದಿಷ್ಟು ರಾಗಿಯೂ ಸೇರುತ್ತದೆ. ಎಲ್ಲವನ್ನೂ ಅಕ್ಕಿ ಎಂದೇ ಹಿಡಿದು, ಅನ್ನಭಾಗ್ಯದಲ್ಲಿ ಅಕ್ಕಿ ಬದಲು ದುಡ್ಡು ಕೊಡುತ್ತಿದ್ದಾಗಿನ ಕೆಜಿಗೆ 34ರ ದರ ಹಾಕಿದರೆ 8,160 ರೂಪಾಯಿ. ಅಜ್ಜಿಯ ಪಿಂಚಣಿಯಲ್ಲಿ ಕೇಂದ್ರದ ಪಾಲು ವರ್ಷಕ್ಕೆ 2,400, ಮಗನ 6,000, ಸೇರಿ 8,400. ಕೈಗೆ ಬಂದ ದುಡ್ಡೂ ಚೀಲಕ್ಕೆ ಬಂದ ಅಕ್ಕಿಯೂ ಹತ್ತಿರ ಹತ್ತಿರ ಒಂದೇ ತೂಕ. ಆದರೆ ಅಕ್ಕಿಯನ್ನು ಯಾರೂ ಬಜೆಟ್ ಅನ್ನುವುದಿಲ್ಲ. ಅಕ್ಕಿಗೆ ಇನ್ನೊಂದು ಗುಣ ಇದೆ. ಬೆಲೆ ಎಷ್ಟೇ ಏರಲಿ, 5 ಕೆಜಿ 5 ಕೆಜಿಯೇ. ಇನ್ನೂರು ರೂಪಾಯಿ ಹಾಗಲ್ಲ, ಇದ್ದಲ್ಲೇ ಕರಗುತ್ತದೆ. ಈ ಮನೆಯಲ್ಲಿ ನಾನು ಕಂಡ ಮುಖ್ಯ ವಿಷಯ ಇದೇ.

ಯೂರಿಯಾ 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ. ಸರ್ಕಾರಕ್ಕೆ ಬೀಳುವ ವೆಚ್ಚ ಇದರ ಹಲವು ಪಟ್ಟು. ಹಿಂದೆ ಚೀಲ 50 ಕೆಜಿ ಇತ್ತು, 2018ರಲ್ಲಿ 45 ಆಯಿತು. ಮಗ ಅದನ್ನು ಇವತ್ತಿಗೂ ಮರೆತಿಲ್ಲ, ಸಬ್ಸಿಡಿ ಎಷ್ಟು ಎಂದು ಕೇಳಿದರೆ ಗೊತ್ತಿಲ್ಲ.

ಸೊಸೆಗೆ ಬರುವುದು ಗೃಹಲಕ್ಷ್ಮಿಯ 2,000. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಅದಕ್ಕೆ ಚಾಲನೆ ಕೊಟ್ಟದ್ದು. ಪೂರ್ತಿ ರಾಜ್ಯದ ದುಡ್ಡು. ಅದು ಬಂದ ತಿಂಗಳು ಹಸುವಿನ ಬೂಸಕ್ಕೆ ಸಾಲವಿಲ್ಲ, ತಡವಾದ ತಿಂಗಳು ಇದೆ.

ಮೊಮ್ಮಗನ ತಾರೀಕು

ಮೊಮ್ಮಗನದು ಬೇರೆ ಥರದ ಕತೆ. ಐಟಿಐ ಮುಗಿಸಿ 2024ರ ಡಿಸೆಂಬರ್‌ನಲ್ಲಿ ಮೈಸೂರಿನ ಕಾರ್ಖಾನೆಗೆ ಸೇರಿದ. ಅವನ ಮೊದಲ ಕೆಲಸ. 2024ರ ಜುಲೈ 23ರ ಬಜೆಟ್‌ನಲ್ಲಿ ಹೇಳಿದ್ದರು, ಮೊದಲ ಸಲ ಕೆಲಸಕ್ಕೆ ಸೇರಿ ಪಿಎಫ್‌ಗೆ ಬಂದವರಿಗೆ ಒಂದು ತಿಂಗಳ ಸಂಬಳ, 15,000 ಮೀರದಂತೆ, ಸರ್ಕಾರ ಕೊಡುತ್ತದೆ ಎಂದು. ಹುಡುಗ ಅದನ್ನು ಕೇಳಿಸಿಕೊಂಡಿದ್ದ. ಪ್ರತಿ ಸಲ ಊರಿಗೆ ಬಂದಾಗ "ಅಣ್ಣ, ಆ ಹದಿನೈದು ಸಾವಿರ ಬಂತಾ ನೋಡಣ್ಣ" ಅನ್ನುತ್ತಿದ್ದ. ಅದಕ್ಕೆಂದೇ ಪಿಎಫ್‌ನ ಗುರುತಿನ ಸಂಖ್ಯೆ, ಅಂದರೆ ಯುಎಎನ್ ಕೂಡ ಚಾಲೂ ಮಾಡಿಸಿಕೊಂಡ.

2025ರ ಜುಲೈ 1ರಂದು ಕೇಂದ್ರ ಸಂಪುಟ ಆ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವಿಕಸಿತ ಭಾರತ ರೋಜಗಾರ್ ಯೋಜನೆ ಎಂಬ ಹೆಸರಾಯಿತು. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಹುಟ್ಟುವ ಕೆಲಸಗಳಿಗೆ ಮಾತ್ರ. ಇವನು ಸೇರಿ ಆಗಲೇ ಏಳು ತಿಂಗಳು ಕಳೆದಿತ್ತು. ಭಾಷಣ ಕೇಳಿದ್ದು ಸರಿ, ಕೆಲಸಕ್ಕೆ ಸೇರಿದ್ದು ಸರಿ, ನಡುವೆ ಬಿದ್ದ ಒಂದು ತಾರೀಕು ಅವನನ್ನು ಹೊರಗಿಟ್ಟಿತು. ಬಜೆಟ್‌ನಲ್ಲಿ ಹೇಳಿದ್ದು ಅವತ್ತೇ ಜಾರಿ ಆಗುತ್ತದೆ ಎಂದುಕೊಳ್ಳುವವರು ನಮ್ಮಲ್ಲಿ ಬಹಳ ಜನ. ಅಬಕಾರಿ, ಕಸ್ಟಮ್ಸ್ ಸುಂಕ ಬೇಗ ಬದಲಾಗಬಹುದು. ಉಳಿದದ್ದಕ್ಕೆ ಸಂಪುಟದ ಒಪ್ಪಿಗೆ, ಮಾರ್ಗಸೂಚಿ, ಪೋರ್ಟಲ್ ಎಲ್ಲ ಆಗಬೇಕು. ಈಗ ಯಾರಾದರೂ ಬಜೆಟ್ ಕಟಿಂಗ್ ಹಿಡಿದುಕೊಂಡು ಅರ್ಜಿ ಹಾಕಲು ಬಂದರೆ ಮೊದಲು ತಾರೀಕು ನೋಡುತ್ತೇನೆ.

12 ಲಕ್ಷದ ತೆರಿಗೆ ವಿಷಯ ಅವನಿಗೂ ಖುಷಿ. "ಮುಂದೆ ಆಯ್ತದಲ್ಲಣ್ಣ" ಅಂದ. ಸಂಬಳ ತಿಂಗಳಿಗೆ 17,000.

ಆಮೇಲೆ

ಫೆಬ್ರವರಿ 3, ಸೋಮವಾರ ಅಜ್ಜಿಯನ್ನು ಕರೆದುಕೊಂಡು ಹಳೇ ಬ್ಯಾಂಕಿಗೆ ಹೋದೆವು. ಬಸ್ಸಿನಲ್ಲಿ ಅಜ್ಜಿಗೂ ಸೊಸೆಗೂ ಶಕ್ತಿಯ ಶೂನ್ಯ ಟಿಕೆಟ್, ನನಗೆ ಮಾತ್ರ ಕಾಸು. ಆಧಾರ್ ಜೋಡಣೆ ಮತ್ತೆ ಇಲ್ಲಿಗೇ ಇರಲಿ ಎಂಬ ಒಪ್ಪಿಗೆ ಪತ್ರ ತುಂಬಿ ಬೆರಳೊತ್ತಿಸಿದೆವು. ಒಂದು ವಾರ ಹಿಡಿಯಿತು. ಅದೇ ತಿಂಗಳ 24ರಂದು ಮಗನಿಗೆ ಪಿಎಂ ಕಿಸಾನ್‌ನ 19ನೇ ಕಂತು ಬಂತು, 2,000. ಅದು ಕಬ್ಬು ಕಡಿದವರ ಬಾಕಿಗೆ ಹೋಯಿತು. ಮಾರ್ಚ್‌ನಲ್ಲಿ ಅಜ್ಜಿಯ ಪಿಂಚಣಿ ಹಳೇ ಪಾಸ್‌ಬುಕ್ಕಿಗೇ ಬಂತು.

ಆಮೇಲೆ ನಾನು ನಮ್ಮೂರಲ್ಲಿ ‘ಪಿಂಚಣಿ ನಿಂತಿದೆ’ ಎಂದವರೆಲ್ಲರ ಜೋಡಣೆ ನೋಡಿದೆ. ರಾಮಮಂದಿರದ ಜಗಲಿಯಲ್ಲಿ ಬ್ಯಾಗು ತೆಗೆದುಕೊಂಡವರಲ್ಲಿ ಇನ್ನೂ ಆರು ಜನರ ದುಡ್ಡು ಅದೇ ಹೊಸ ಬ್ಯಾಂಕಿನಲ್ಲಿ ಕೂತಿತ್ತು. ಒಬ್ಬ ತಾತನದು ಏಳು ಸಾವಿರದ ಮೇಲಿತ್ತು. ಅವರು ಪಿಂಚಣಿ ರದ್ದಾಯಿತು ಎಂದು ತಿಳಿದು ಸುಮ್ಮನಾಗಿಬಿಟ್ಟಿದ್ದರು. ಈಗ ಅಂಗಡಿಗೆ ಬಂದವರ ಪಾಸ್‌ಬುಕ್ ಹಿಂದಿನ ರಟ್ಟಿನ ಮೇಲೆ ಯಾವ ಬ್ಯಾಂಕ್, ಯಾವ ದಿನ ನೋಡಿದ್ದು ಎಂದು ಪೆನ್ನಿನಲ್ಲಿ ಬರೆದುಕೊಡುತ್ತೇನೆ.

ಅಜ್ಜಿಗೆ ಕೇಂದ್ರದ ಪಾಲು ಏರಬೇಕೆಂದರೆ ಈಗಿನ ನಿಯಮದಲ್ಲಿ ಒಂದೇ ದಾರಿ, 80 ತುಂಬಬೇಕು. ಆಧಾರ್ ಪ್ರಕಾರ ಅದು 2031ರ ಜನವರಿ 1. ಆಗ ಇನ್ನೂರು ಐನೂರು ಆಗುತ್ತದೆ. ಇದನ್ನು ಹೇಳಿದಾಗ ಅಜ್ಜಿ ಬೆರಳಲ್ಲಿ ಎಣಿಸಿದರು.

"ಆಧಾರ್‌ನಾಗೆ ತಪ್ಪಾಗ್ ಬರ್ದವ್ರೆ ಕಣ್ ಮಗ. ನಾನು ಅದ್ಕಿಂತ ದೊಡ್ಡೋಳು. ಅದುನ್ನ ತಿದ್ಸಕೆ ಏನ್ ಮಾಡ್ಬೇಕು?"

ಶಾಲೆಯ ದಾಖಲೆಯೋ ಜನನ ಪತ್ರವೋ ಬೇಕು ಅಂದೆ. ಎರಡೂ ಇಲ್ಲ. ಪಾಸ್‌ಬುಕ್ ಕವರ್‌ಗೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.